ಹಡಗಿಳಿದು ಹಾರನಹಳ್ಳಿಗೆ

ಕೊಚ್ಚಿ ಬಂದರಿನಲ್ಲಿ ಹಡಗಿನ ಏಣಿ ಇಳಿದು ನಾಲ್ಕು ಹೆಜ್ಜೆ ಇಟ್ಟವಳು ದೀಪದ ಕಂಬವೊಂದನ್ನು ತಬ್ಬಿ ನಿಂತೆ. ನೆಲ ಅಲುಗದೆ ಇರುವುದು ನನ್ನ ಕಾಲುಗಳಿಗೆ ಒಗ್ಗಲಿಲ್ಲ. ಮುಂಗಾರಿನ ಅರಬ್ಬೀ ಸಮುದ್ರದ ಆಳದಿಂದ ನೀರೆತ್ತಿ, ಅದರ ಉಪ್ಪನ್ನೂ ಶಾಖವನ್ನೂ ಅಳೆಯುವ ಸಂಶೋಧನಾ ಯಾನ ಮುಗಿದಿತ್ತು. ಇನ್ನೊಂದು ವರ್ಷ ದಡದ ಮೇಲಿನ ಪ್ರಯೋಗಾಲಯದಲ್ಲೇ ಕೆಲಸ. ಉಳಿದಿದ್ದು ಮಗಳನ್ನು ಕರೆತರುವುದು ಮಾತ್ರ.

ಇದು 1998ರ ಮಾತು. ತಿಂಗಳು ಸೆಪ್ಟೆಂಬರ್ ಎಂದು ಬಹುಕಾಲ ನಂಬಿದ್ದೆ. ಗೌರಿಹಬ್ಬ ಕಳೆದು ಮೂರ್ನಾಲ್ಕು ದಿನಕ್ಕೆ ನೀನು ಊರಿಗೆ ಬಂದೆ ಎಂದು ಅಕ್ಕ ಹೇಳುತ್ತಾಳೆ. ಆ ವರ್ಷ ಹಬ್ಬ ಆಗಸ್ಟ್‌ನಲ್ಲೇ ಬಿದ್ದಿದ್ದುದನ್ನು ಪಂಚಾಂಗದಲ್ಲಿ ನೋಡಿದ ಮೇಲೆ ಅಕ್ಕನ ಮಾತನ್ನೇ ಒಪ್ಪಿದ್ದೇನೆ.

ಕೊಚ್ಚಿಯಲ್ಲಿ ನನಗೂ ಗಂಡನಿಗೂ ಕೆಲಸ ಸಿಕ್ಕಿ, ಹಿನ್ನೀರಿನ ಪಕ್ಕದ ಮನೆಯೊಂದರ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಕಡೆ ನೀರೆಂದರೆ ಬಾವಿಗೋ ಕೆರೆಗೋ ನಾವೇ ನಡೆದುಹೋಗಬೇಕು. ಅಲ್ಲಿ ನೀರೇ ಹಿತ್ತಲವರೆಗೆ ಬಂದು ನಿಲ್ಲುತ್ತಿತ್ತು. ಕೆಂಪು ದಪ್ಪಕ್ಕಿಯ ಅನ್ನ ಎಷ್ಟು ಉಂಡರೂ ಮುದ್ದೆ ಉಂಡ ಹೊಟ್ಟೆಗೆ ಉಂಡಂತಾಗುತ್ತಿರಲಿಲ್ಲ. ಮನೆಯೊಡತಿಯನ್ನು ‘ಚೇಚಿ’ ಎನ್ನಲು ಕಲಿತೆ. ಅಕ್ಕ ಎಂಬುದಕ್ಕೆ ಅಲ್ಲಿಯ ಮಾತು. ಆದರೆ ನಾನು ವಾರಗಟ್ಟಲೆ ಹಡಗಿನಲ್ಲಿ, ಗಂಡ ಕೆಲಸದಲ್ಲಿ ಇರುವಾಗ ಮಗುವನ್ನು ನೋಡಿಕೊಳ್ಳುವವರು ಅಲ್ಲಿ ಯಾರೂ ಸಿಗಲಿಲ್ಲ. ಯುಗಾದಿಗೆ ಅಕ್ಕನ ಊರಾದ ಹಾರನಹಳ್ಳಿಗೆ ಹೋಗಿ, ಆಗತಾನೆ ಮಾತು ಜೋಡಿಸುತ್ತಿದ್ದ ಚೈತ್ರಳನ್ನು ಜಯಮ್ಮಕ್ಕನ ಮಡಿಲಲ್ಲಿ ಬಿಟ್ಟುಬಂದಿದ್ದೆ. ನಡುವೆ ಹಡಗು ಬಂದರು ಮುಟ್ಟಿದರೂ ಊರಿಗೆ ಹೋಗಿಬರುವಷ್ಟು ಬಿಡುವು ಸಿಕ್ಕಿರಲಿಲ್ಲ.

ಕಣ್ಣೂರಿನವರೆಗೆ ರೈಲು, ಆಮೇಲೆ ವಿರಾಜಪೇಟೆ, ಗೋಣಿಕೊಪ್ಪ ಹಾದು ಬರುವ ಬಸ್ಸು. ಹಾರನಹಳ್ಳಿಯಲ್ಲಿ ಹೊಗೆಸೊಪ್ಪು ಹದ ಮಾಡುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಅಕ್ಕ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ನಾನು ತೂರಾಡುತ್ತ ಬರುವುದನ್ನು ಕಂಡ ಭಾವ ಒಲೆಗೆ ಸೌದೆ ತಳ್ಳುತ್ತಲೇ ನಕ್ಕರು. “ಏನವ್ವ, ನೆಲದ ಮ್ಯಾಲೂ ಅಡಗು ಓಡಿಸ್ತಿದ್ದೀಯ?”

ಅಕ್ಕನ ಬೆನ್ನ ಹಿಂದಿನಿಂದ ಚೈತ್ರ ಇಣುಕಿದಳು. ಬೆರಳುಗಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು.

“ಅವ್ವ, ಇವ್ರ್ಯಾರು?” ಎಂದು ಅಕ್ಕನನ್ನು ಕೇಳಿದಳು.

ಅಕ್ಕ ಕಟ್ಟುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟಳು. “ನಾನು ದೊಡ್ಡವ್ವ ಕಣವ್ವ. ನಿಮ್ಮವ್ವ ಅವ್ಳು. ಓಗು.”

“ನಾನ್ ಓಗಕ್ಕಿಲ್ಲ.”

ಮೂರು ದಿನ ಅಲ್ಲಿದ್ದೆ. ನಾನು ಕಲಸಿದ ಅನ್ನವನ್ನು ಅವಳು ಅಕ್ಕನ ಕೈಯಿಂದ ಮಾತ್ರ ಉಂಡಳು. ಪಕ್ಕದಲ್ಲಿ ಕುಳಿತು ಸೊಪ್ಪು ಕಟ್ಟಲು ಹೋದರೆ, ನನ್ನ ಗಂಟು ಸಡಿಲವೆಂದು ಅಕ್ಕನಿಗೆ ಚಾಡಿ ಹೇಳಿದಳು. ಕಡೆಯ ದಿನ ನನ್ನ ಧೈರ್ಯ ಕುಸಿಯಿತು. ಬೇಸಿಗೆಯವರೆಗೆ ಇಲ್ಲೇ ಇರಲಿ, ಅಷ್ಟರಲ್ಲಿ ಆಗಾಗ ಬಂದು ಒಗ್ಗಿಸಿಕೊಳ್ಳುತ್ತೇನೆ ಎಂದು ಅಕ್ಕನ ಮುಂದೆ ಹೇಳಿದೆ. ಅವಳು ಕೈಯಲ್ಲಿದ್ದ ಕಡ್ಡಿಯ ಗಂಟನ್ನು ಬಿಗಿದು ಮುಗಿಸಿದಳು.

“ಈಗ್ಲೇ ಕರ್ಕಂಡೋಗು,” ಎಂದಳು. “ಅಳ್ತಾಳೆ. ಅತ್ರೂ ಕರ್ಕಂಡೋಗು. ಬ್ಯಾಸಿಗೇಲಿ ಬಂದು ಕೇಳುದ್ರೆ ನಾನು ಬುಡಕ್ಕಿಲ್ಲ ಕಣೆ.”

ಮರುದಿನ ಬಸ್ಸಿನವರೆಗೆ ಅಕ್ಕ ಬರಲಿಲ್ಲ. ಬೆಂಕಿ ಬಿಟ್ಟು ಬರುವಂತಿಲ್ಲ ಎಂದಳು. ಭಾವ ಅಲ್ಲೇ ಒಲೆಯ ಬಾಯಲ್ಲಿ ನಿಂತಿದ್ದರು. ಚೈತ್ರ ಗೋಣಿಕೊಪ್ಪದವರೆಗೂ ಅತ್ತು, ಅಳುವ ಶಕ್ತಿ ಮುಗಿದ ಮೇಲೆ ನನ್ನ ತೊಡೆಯ ಮೇಲೆ ನಿದ್ದೆಹೋದಳು.

ಕೊಚ್ಚಿಯಲ್ಲಿ ಅವಳು ನನ್ನೊಡನೆ ಹಲವು ದಿನ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟದ್ದು ಚೇಚಿಯ ಮುಂದೆ, ‘ವೆಳ್ಳಂ’ ಎಂದು; ಬಾಯಾರಿ ನೀರು ಕೇಳಿದ್ದಳು. ಅಂಗಡಿಯವರು, ದೋಣಿಯವರು ಅವಳನ್ನು ‘ಮೋಳೆ’ ಎಂದು ಕರೆಯುತ್ತಿದ್ದರು, ಮಗಳೇ ಎಂದು. ಆ ಊರು ಅವಳಿಗೆ ನನಗಿಂತ ಬೇಗ ಒಲಿಯಿತು. ಮಲಯಾಳದಲ್ಲಿ ನಾನು ತಪ್ಪಿದಾಗ ತಿದ್ದುವುದಕ್ಕೆಂದಾದರೂ ಅವಳು ನನ್ನ ಕಡೆ ತಿರುಗಲೇಬೇಕಾಯಿತು. ನಮ್ಮ ಮಾತು ಶುರುವಾದದ್ದು ಹಾಗೆ. ಚೇಚಿಯ ಮಕ್ಕಳು ತಮ್ಮ ತಾಯಿಯನ್ನು ಕರೆಯುವುದನ್ನು ಕೇಳಿ, ಒಂದು ಸಂಜೆ ನನ್ನನ್ನೂ ‘ಅಮ್ಮೆ’ ಎಂದಳು. ಆಳದ ನೀರನ್ನು ಮೊದಲ ಸಲ ಸರಿಯಾಗಿ ಅಳೆದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಈಗ ನಿವೃತ್ತಳಾಗಿದ್ದೇನೆ, ಮನೆ ಕೊಚ್ಚಿಯಲ್ಲೇ. ಮಗಳು ನನ್ನವಳಾದಳು, ನಿಜ. ‘ಅವ್ವ’ ಎಂದು ಮಾತ್ರ ಅವಳು ನನ್ನನ್ನು ಒಮ್ಮೆಯೂ ಕರೆದಿಲ್ಲ, ನಾನೂ ಕೇಳಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋದಾಗ, ಇಷ್ಟು ದೊಡ್ಡವಳಾದರೂ ಚೈತ್ರ ಬಸ್ಸಿಳಿದವಳೇ ಮುಂದೆ ಓಡಿ, ಹೊಸಿಲಲ್ಲೇ ಆ ಮಾತನ್ನು ಕೂಗುತ್ತಾಳೆ. ಅಕ್ಕ ಒಳಗಿನಿಂದ ಬರುತ್ತಾಳೆ. ಉತ್ತರ ಕೊಡುವ ಮೊದಲು ಇಂದಿಗೂ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ನಾನು ತಲೆಯಾಡಿಸುತ್ತೇನೆ. ಆಮೇಲೆ ಅವಳು “ಬಂದ್ಯಾ ಮಗ” ಎನ್ನುತ್ತಾಳೆ. ಬ್ಯಾಗು ಹಿಡಿದುಕೊಂಡು ನಾನು ಅಂಗಳದಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.