ಪುಕ್ಕಟೆ ಡೇಟಾಬೇಸು ಮತ್ತು ಕರ್ಜಗಿಯ ಮನೆಬೀಜ

ಬ್ಯಾಡಗಿಯಿಂದ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಹೋಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ ನಾನು. ಪ್ರತಿ ವರ್ಷ ತರಗತಿ ಮುಗಿದಾಗ ನಮ್ಮನ್ನು ಬಿಡುಗಡೆ ಮಾಡುತ್ತಾರೆ, ಬೇಕೆನಿಸಿದರೆ ಮತ್ತೆ ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಇದೇ ಅತಿಥಿ ಸತ್ಕಾರ.

ಶಿಕ್ಷಕರಿಗೆ ಡೇಟಾಬೇಸ್ ಸಾಫ್ಟ್‌ವೇರ್ ಪುಕ್ಕಟೆ ಎಂದು ತಿಳಿದಾಗ ಗುರುತಿನ ಚೀಟಿಯ ಫೋಟೊ ಕಳಿಸಿ ಪಡೆದುಕೊಂಡೆ. ಕುಮಾರಪಟ್ಟಣದಲ್ಲಿ ಒಂದು ಕಚೇರಿ ನಡೆಸುವ ಗೆಳೆಯನ ಬಳಿ ಅದೇ ಸಾಫ್ಟ್‌ವೇರಿನ ದುಡ್ಡು ಕೊಟ್ಟು ಕೊಂಡ ಆವೃತ್ತಿ ಇತ್ತು. ಒಂದು ಭಾನುವಾರ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಆ ಜಾತಿ ನಾನು. ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನೀನಿನ್ನೂ ಮೇಷ್ಟ್ರೇನಪ್ಪಾ ಎಂದು ನನ್ನದು ವರ್ಷಕ್ಕೊಮ್ಮೆ ಕೇಳುತ್ತಿತ್ತು, ಅಷ್ಟೇ.

ಅದರಲ್ಲಿ ನಾನು ತುಂಬಿದ್ದು ಮೆಣಸಿನಕಾಯಿಯ ಮನೆಬೀಜಗಳ ವಿವರ. ಅಂಗಡಿಯ ಪಾಕೀಟು ಬಂದ ಮೇಲೆ ಹಳೆಯ ಬೀಜ ಕಾಯುವ ಮನೆಗಳು ಬೆರಳೆಣಿಕೆಯಷ್ಟು. ಕರ್ಜಗಿಯಲ್ಲಿ ಅಂಥ ಒಬ್ಬ ಅಜ್ಜಿ ಇದ್ದರು; ಲ್ಯಾಪ್‌ಟಾಪ್ ಹಿಡಿದು ಒಂದು ದಿನ ಅವರ ಮನೆಗೂ ಹೋಗಿದ್ದೆ. ಅವರ ಬೀಜಕ್ಕೆ ಬೇರೆ ಹೆಸರಿರಲಿಲ್ಲ. ಯಾರ ಮನೆಯಿಂದ ಬಂತೋ ಆ ಮನೆಯ ಬೀಜ. ಇಲ್ಲಿ ಕೆಟ್ಟರೆ ಮೂಲದ ಮನೆಗೇ ಹೋಗಿ ಸೆರಗೊಡ್ಡಿ ತರಬೇಕು.

ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡರು. ಮೇ ತಿಂಗಳಲ್ಲಿ ಅವರ ಸೊಸೆ ಫೋನ್ ಮಾಡಿದರು. ಕಟ್ಟಿಟ್ಟ ಬೀಜಕ್ಕೆ ಬೂಸ್ಟು ಹಿಡಿದು ಒಂದೂ ಮೊಳೆತಿಲ್ಲ, ಸಸಿಮಡಿ ಹಾಕುವ ಹೊತ್ತು ಮೀರುತ್ತಿದೆ, ಮನೆಯಲ್ಲಿ ಮೂಲ ಯಾರಿಗೂ ಗೊತ್ತಿಲ್ಲ ಎಂದರು.

“ಯಾರ ಮನಿಯಿಂದ ತಂದಿದ್ರು ಅಂತ ಅತ್ತಿ ನಿಮಗ ಹೇಳ್ಯಾರ್ರಿ. ಲಗೂ ನೋಡಿ ಹೇಳ್ರಿ.”

ಲ್ಯಾಪ್‌ಟಾಪ್ ತೆರೆದರೆ ಸಾಫ್ಟ್‌ವೇರು ಈ ವರ್ಷದ ಗುರುತಿನ ಚೀಟಿ ಕೇಳಿತು. ಮಾರ್ಚಿನಲ್ಲೇ ಬಿಡುಗಡೆಯಾದವನ ಬಳಿ ಎಲ್ಲಿಯ ಚೀಟಿ? ಸಿಟ್ಟೂ ನಾಚಿಕೆಯೂ ಒಟ್ಟಿಗೆ ಬಂದವು. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕುಮಾರಪಟ್ಟಣಕ್ಕೆ ಹೋದೆ.

ಗೆಳೆಯನ ಕಂಪ್ಯೂಟರಿನಲ್ಲಿ ಅದು ತಕ್ಷಣ ತೆರೆಯಿತು. ಅಜ್ಜಿಯ ಸಾಲಿನಲ್ಲಿ ಕಾಯಿಯ ಉದ್ದ, ಬಣ್ಣ, ಖಾರ, ಇಳುವರಿ ಎಲ್ಲ ಇತ್ತು. ಬೀಜ ಬಂದ ಮನೆಗೆ ನಾನು ಕಾಲಮ್ಮೇ ಮಾಡಿರಲಿಲ್ಲ. ಆ ದಿನ ಅಜ್ಜಿ ತಮ್ಮ ಅಕ್ಕ, ಅಕ್ಕನ ಅತ್ತೆ, ಅವರ ಊರು ಎಂದು ಅರ್ಧ ಗಂಟೆ ಹೇಳಿದ್ದರು. ಮುದುಕಿಯ ಪುರಾಣ ಎಂದುಕೊಂಡು, ಅವರಿಗೆ ಬೇಸರವಾಗಬಾರದೆಂದು ಸುಮ್ಮನೆ ಕೀಲಿಗಳ ಮೇಲೆ ಬೆರಳಾಡಿಸಿದ್ದೆ. ಎಷ್ಟು ತಿಣುಕಿದರೂ ಊರಿನ ಹೆಸರು ನೆನಪಾಗಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಹಾಕಬೇಕು ಅನಿಸಿತು.

ಸೊಸೆಗೆ ಫೋನ್ ಮಾಡಿ ಸಿಗಲಿಲ್ಲ ಎಂದೆ.

“ಬರಕೊಂಡ್ರಲ್ರಿ. ಚಾ ತಂದಾಗ ನಾನ ನೋಡೇನಿ.”

ಇದು ಪುಕ್ಕಟೆ ಸಾಫ್ಟ್‌ವೇರು, ಅಳಿಸಿಹೋಗಿದೆ ಎಂದುಬಿಟ್ಟೆ.

“ರೊಕ್ಕ ಕೊಟ್ಟು ತಗೊಂಡಿದ್ರ ಉಳೀತಿತ್ತೇನ್ರಿ?”

ಹೌದು ಎಂದೆ.