ಶುಕ್ರವಾರದ ಕಡ್ಡಾಯ ನಗು

ನೀರು ಶುದ್ಧ ಮಾಡುವ ಯಂತ್ರಗಳ ಕಂಪನಿಯೊಂದರಲ್ಲಿ ಕನ್ನಡದ ಗ್ರಾಹಕರ ದೂರು ಕೇಳುವುದು ನಮ್ಮ ಕೆಲಸ. ನಾನು ಪುಣೆಯ ಬಿಬವೇವಾಡಿಯ ಮನೆಯಿಂದ, ಒಬ್ಬಳು ಸೊಲ್ಲಾಪುರದಿಂದ, ಇನ್ನೊಬ್ಬ ದೌಂಡದಿಂದ ಫೋನ್ ಎತ್ತುತ್ತಿದ್ದೆವು. ನಮ್ಮನ್ನು ನಡೆಸಲು ಬೆಂಗಳೂರಿನಿಂದ ಬಂದ ಮ್ಯಾನೇಜರ್ ಪುಣೆಯದೇ ಕ್ಯಾಂಪ್ ಬಡಾವಣೆಯ ಆಫೀಸಿನಲ್ಲಿ ಎಸಿ ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ದೂರದ ತಂಡವನ್ನು ಒಗ್ಗೂಡಿಸುವ ವಿದ್ಯೆಯನ್ನು ಎಲ್ಲಿ ಕಲಿತಿದ್ದನೋ, ಪ್ರತಿ ಶುಕ್ರವಾರ ಸಂಜೆ ಎಲ್ಲರೂ ಕ್ಯಾಮೆರಾ ಮುಂದೆ ಕೂತು ಅಂತ್ಯಾಕ್ಷರಿ ಹಾಡಬೇಕಿತ್ತು. ನಗಬೇಕಿತ್ತು. ನಗದವರಿಗೆ ಎನರ್ಜಿ ಸಾಲದು ಎಂಬ ಎಚ್ಚರಿಕೆ.

ಒಮ್ಮೆ ದೌಂಡದವನು ಕೆಲವು ದಿನ ರಜೆ ಹಾಕಿದ. ಎಲ್ಲಿಗೋ ಹೋಗಿರಬೇಕು ಎಂದುಕೊಂಡೆವು. ಅವನು ಮರಳಿದ್ದು ಒಂದು ಶುಕ್ರವಾರ. ಸಂಜೆ ಎಲ್ಲರ ಮುಖ ಕಾಣುತ್ತಿತ್ತು, ಅವನದಿಲ್ಲ.

"ಕ್ಯಾಮೆರಾ ಆನ್ ಮಾಡಿ. ಟೀಮ್ ಅಂದ್ಮೇಲೆ ಮುಖ ಕಾಣ್ಬೇಕು ಅಲ್ವಾ?" ಎಂದ ಮ್ಯಾನೇಜರ್.

"ಇವತ್ತೊಂದಿನ ಬ್ಯಾಡ್ರಿ ಸರ್."

"ಲೀವ್ ಮುಗಿಸ್ಕೊಂಡು ಫ್ರೆಶ್ ಆಗಿ ಬಂದಿದ್ದೀರ. ಮೊದಲ ಹಾಡು ನಿಮ್ಮದೇ!"

ಅವನು ಕ್ಯಾಮೆರಾ ಹಾಕಿದ. ನುಣ್ಣಗೆ ಬೋಳಿಸಿದ ತಲೆ, ಮೀಸೆಯೂ ಇಲ್ಲ. ಬೆನ್ನ ಹಿಂದೆ ಹಾರ ಹಾಕಿದ ಫೋಟೊ, ಉರಿಯುವ ದೀಪ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ವಾವ್, ನ್ಯೂ ಲುಕ್! ಸೂಪರ್!" ಎಂದು ಮ್ಯಾನೇಜರ್ ಚಪ್ಪಾಳೆ ತಟ್ಟಿದ.

ನನ್ನ ಮೈ ಉರಿದುಹೋಯಿತು. "ಅವರ ಮನ್ಯಾಗ ಸಾವಾಗೇದ್ರಿ. ನಿಮಗ ಕಣ್ಣು ಕಾಣಂಗಿಲ್ಲೇನ್ರಿ?" ಎಂದೆ.

"ಓಹ್, ಸಾರಿ ಸಾರಿ," ಎಂದ. ಅದರ ಬೆನ್ನಿಗೇ, "ಹಾಗಾದ್ರೆ ನೆಕ್ಸ್ಟ್ ಯಾರು ಹಾಡ್ತೀರ?"

ನಾನು ಕರೆ ಕಡಿದೆ. ಸೊಲ್ಲಾಪುರದವಳೂ ಕಡಿದಳು. ನನ್ನ ಮಾತಿನ ಧಾಟಿ ತಂಡಕ್ಕೆ ಒಳ್ಳೆಯದಲ್ಲ ಎಂದು ಮರುದಿನ ಮೇಲ್ ಬಂತು.

ಭಾನುವಾರ ನಾನು ಈ ಕಡೆಯಿಂದ, ಅವಳು ಆ ಕಡೆಯಿಂದ ರೈಲು ಹಿಡಿದು ದೌಂಡಕ್ಕೆ ಹೋದೆವು. ಅವನು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಎಂದು ಗೊತ್ತಾದದ್ದು ಆಗಲೇ. ತೀರಿಕೊಂಡವರು ಅವನ ತಂದೆ, ರೈಲ್ವೆಯಿಂದ ನಿವೃತ್ತರಾದವರು.

ಅವನ ತಾಯಿ ನಮ್ಮ ಕೈ ಹಿಡಿದು, "ನಿಮ್ಮ ಸಾಹೇಬ್ರು ಬರಲಿಲ್ಲೇನವಾ? ಪುಣೇದಾಗ ಇರ್ತಾರಂತಲ್ಲ," ಎಂದರು. ಅವರಿಗೆ ಭಾಳ ಕೆಲಸ ಅದ ಎಂದು ಸುಳ್ಳು ಹೇಳಿದೆ.

ತಾಯಿ ಒಳಗೆ ಹೋದ ಮೇಲೆ ಅವನು ಫೋನ್ ತೋರಿಸಿದ. ರಜೆ ಕೇಳುವಾಗ ತಂದೆ ತೀರಿಕೊಂಡರು ಎಂದೇ ಬರೆದಿದ್ದ. ಮ್ಯಾನೇಜರ್ ಒಪ್ಪಿಗೆ ಕೊಟ್ಟು, ಕೆಳಗೆ 'ಎಂಜಾಯ್ ಮಾಡಿ' ಎಂದು ಸೇರಿಸಿದ್ದ.

"ಓದೇ ಇಲ್ಲ ನೋಡ್ರಿ ಅಕ್ಕಾ," ಎಂದ. ಸಿಟ್ಟೂ ಇರಲಿಲ್ಲ ಅವನ ದನಿಯಲ್ಲಿ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಇಂಥ ಮ್ಯಾನೇಜರನಿಗೆ ಬಡ್ತಿ ಸಿಗದೆ ಇರುತ್ತದೆಯೇ? ಈಗ ಊರೂರ ಶಾಖೆಗಳಿಗೆ ದೂರದ ತಂಡ ನಡೆಸುವುದು ಹೇಗೆಂದು ಪಾಠ ಮಾಡುತ್ತಾನೆ. ನಮ್ಮ ತಂಡ ನನ್ನ ಕೈಗೆ ಬಂತು. ಅಂತ್ಯಾಕ್ಷರಿ ನಿಲ್ಲಿಸಿದೆ. ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ, ಬರೆದು ಕಳಿಸಿದ್ದನ್ನು ಓದುತ್ತೇನೆ.

ಮೊನ್ನೆ ಆ ಮ್ಯಾನೇಜರನದೇ ಕರೆ. "ನಿಮ್ಮ ಟೀಮಿಂದ ಒಬ್ರೂ ಬಿಟ್ಟು ಹೋಗಿಲ್ವಂತೆ, ಏನ್ ಸೀಕ್ರೆಟ್?"

"ಮನ್ಯಾಗ ಎಲ್ಲಾ ಹ್ಯಾಂಗದ ಅಂತ ಕೇಳ್ತೀನ್ರಿ."

"ಅದು ಓಕೆ," ಎಂದ. "ಅದಕ್ಕೆ ಯಾವ ಆ್ಯಪ್ ಯೂಸ್ ಮಾಡ್ತೀರ?"