ಜಿಗಿಯುವ ಹುಳಕ್ಕೆ ಎಣ್ಣಿ

ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಗುರುಬಸವ ಸಂಬಳಕ್ಕಿದ್ದಾನೆ. ಕುರ್ಚಿ ಮಾಲೀಕರದು, ಸ್ಟೂಲು ಅವನದು. ಆದರೂ ಹುಳ ಬಿದ್ದ ಭತ್ತದ ಬುಡ ಕಿತ್ತು ತರುವ ರೈತರು ಅದನ್ನು ತೋರಿಸುವುದು ಸ್ಟೂಲಿನವನಿಗೇ. ಈ ಕಡೆ ಹೊಲಕ್ಕೆ ಹೊಡೆಯುವ ಔಷಧಿಗೆ ಎಣ್ಣಿ ಎನ್ನುತ್ತಾರೆ. ಅವನಿಗೆ ಎಣ್ಣಿ ಡಾಕ್ಟರ್ ಎನ್ನುತ್ತಾರೆ. ಡಿಗ್ರಿಗೆ ಓದಿದ್ದು ಮಸ್ಕಿಯ ಶಾಸನ, ಹೊಟ್ಟೆಗೆ ಓದುತ್ತಿರುವುದು ಡಬ್ಬಿಯ ಮೇಲಿನ ಚೀಟಿ ಎಂದು ಅವನೇ ತನ್ನನ್ನು ಆಡಿಕೊಳ್ಳುತ್ತಿದ್ದ. ಆದರೆ ಡಾಕ್ಟರ್ ಎಂದು ಯಾರಾದರೂ ಕರೆದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮನೆ ಗೊರೇಬಾಳದಲ್ಲಿ. ತಾಯಿ ಶಿವಲಿಂಗಮ್ಮನಿಗೆ ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು. ಮಾತು ತೊದಲು. ಅವಳು ಒಂದು ಹೇಳಿದರೆ ಮಗ ಎರಡು ಸಲ, ಸೊಸೆ ನಂದಿನಿ ಮೂರು ಸಲ ‘ಏನು, ಏನು’ ಎಂದು ಕೇಳಬೇಕು. ಕೇಳದೆ ಸುಮ್ಮನೆ ಕೂತು ಕೇಳಿಸಿಕೊಳ್ಳುವುದು ಎಂದರೆ ಬೆಕ್ಕು ಒಂದೇ. ಎಲ್ಲಿಂದಲೋ ಬಂದ ಬೂದಿ ಬಣ್ಣದ ಹೆಣ್ಣು ಬೆಕ್ಕು. ಅವಳ ಕೌದಿಯೊಳಗೆ ಹೊಕ್ಕು, ಎತ್ತಲು ಬಾರದ ಆ ಕೈಗೆ ಒತ್ತಿಕೊಂಡು ಮಲಗುತ್ತಿತ್ತು. ಶಿವಲಿಂಗಮ್ಮ ಅದರ ಜೊತೆ ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದಳು.

ಮಳೆಗಾಲ ಮುಗಿಯುತ್ತಲೇ ಚಿಗಟ ಎದ್ದವು. ಮೊದಲು ನಂದಿನಿಯ ಕಾಲ ಹರಡಿನ ಮೇಲೆ ಕೆಂಪು ಗುಳ್ಳೆ. ಆಮೇಲೆ ಅತ್ತೆಯ ಮೈ ಒರೆಸುವಾಗ ಬೆನ್ನು, ಪಕ್ಕೆ, ಹೊಟ್ಟೆಯ ತುಂಬ ಸಾಲುಸಾಲು ಕಡಿತ. ಒಂದು ಕೈಗೆ ಸಿಕ್ಕಷ್ಟು ಕಡೆ ಕೆರೆದು ರಕ್ತ ಮಾಡಿಕೊಂಡಿದ್ದಳು. ಸಿಗದ ಕಡೆ ಹಲ್ಲು ಕಚ್ಚಿ ಮಲಗಿದ್ದಳು. ನಂದಿನಿ ಕೆಟ್ಟವಳಲ್ಲ. ಅತ್ತೆಯ ಹೇಲು-ಉಚ್ಚೆ ಎತ್ತಿ ಒಂದು ದಿನವೂ ಮುಖ ಕಿವುಚಿದವಳಲ್ಲ. ಅವಳು ಗಂಡನನ್ನು ಅಡುಗೆಮನೆಗೆ ಕರೆದು ಹೇಳಿದಳು.

“ರೀ, ಅತ್ತೆಗೆ ತುರಿಸಿಕೊಳ್ಳಾಕ ಕೈ ಇಲ್ಲ. ನಾ ಒಬ್ಬಾಕಿ ಎಷ್ಟಂತ ತುರಿಸ್ಲಿ? ಐತವಾರದೊಳಗ ಬೆಕ್ಕು ಮನಿ ಬಿಡಬೇಕು.”

ಚೀಲಕ್ಕೆ ಹಾಕಿ ಕಾಲುವೆಯ ಆಚೆ ಅಕ್ಕಿ ಗಿರಣಿ ಹತ್ತಿರ ಬಿಟ್ಟು ಬಾ, ಇಲಿಗೇನು ಬರವಿಲ್ಲ ಎಂಬುದು ಅವಳ ಲೆಕ್ಕ. ಅಡುಗೆಮನೆಗೂ ಪಡಸಾಲೆಗೂ ನಡುವೆ ಇರುವುದು ಒಂದು ಪರದೆ ಅಷ್ಟೆ. ಗುರುಬಸವ ಹೊರಗೆ ಬಂದಾಗ ತಾಯಿ ಎಡಗೈಯಿಂದ ಕೌದಿಯ ಅಂಚನ್ನು ಬೆಕ್ಕಿನ ಮೇಲೆ ಎಳೆಯುತ್ತಿದ್ದಳು. ಬೆಕ್ಕು ಎಲ್ಲಿಗೂ ಹೋಗುವುದಿಲ್ಲ, ಚಿಗಟ ಹೋಗುತ್ತವೆ ಎಂದು ಅವನು ಮಾತು ಕೊಟ್ಟ.

ದನದ ಡಾಕ್ಟರ ಹತ್ತಿರ ಕೇಳು ಎಂದು ನಂದಿನಿ ಹೇಳದೇ ಇರಲಿಲ್ಲ. ಹುಳಕ್ಕೆ ಔಷಧಿ ಕೇಳಲು ಊರ ಮಂದಿಯೆಲ್ಲ ತನ್ನ ಹತ್ತಿರ ಬರುವಾಗ ತಾನು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದೇ? ಭತ್ತದ ಜಿಗಿಹುಳಕ್ಕೆ ಅವನು ಕೊಡುತ್ತಿದ್ದ ಎಣ್ಣಿ ಹೊಡೆದರೆ ಎಂಥ ಹುಳವೂ ಉಳಿಯುತ್ತಿರಲಿಲ್ಲ. ಚಿಗಟವೂ ಹುಳ, ಅದೂ ಜಿಗಿಯುತ್ತದೆ. ಆ ಚೀಟಿಯಲ್ಲಿ ಬೆಕ್ಕಿನ ಮಾತು ಇರಲಿಲ್ಲ. ಬೆಕ್ಕಿಗೆ ಹಾಕಬೇಡಿ ಎಂದೂ ಇಲ್ಲವಲ್ಲ ಎಂದುಕೊಂಡ.

ಐತವಾರ ಎಲ್ಲ ಅಚ್ಚುಕಟ್ಟಾಗಿ ಮಾಡಿದ. ತಾಯಿಯನ್ನು ಮಂಚ ಸಮೇತ ಹೊರಗೆ ಬೇವಿನ ನೆರಳಿಗೆ ಹೊರಿಸಿದ. ತನ್ನ ಮೂಗಿಗೆ ಟವೆಲ್, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ. ಪ್ರಾಣಿ ಸಣ್ಣದು ಎಂದು ಗದ್ದೆಗೆ ಹೇಳುವುದಕ್ಕಿಂತ ನೀರು ಜಾಸ್ತಿ ಬೆರೆಸಿ, ಅರಿವೆಯಲ್ಲಿ ಅದ್ದಿ, ಬೆಕ್ಕಿನ ಮೈಯನ್ನು ಬಾಲದ ತುದಿಯವರೆಗೆ ಒರೆಸಿದ. ಚಿಗಟ ಪಟಪಟನೆ ಉದುರಿದವು. ನಂದಿನಿಯನ್ನು ಕರೆದು ತೋರಿಸಿದ. ಅವಳೂ ನಕ್ಕಳು.

ಭತ್ತ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವುದಿಲ್ಲ. ಬೆಕ್ಕು ಕಟ್ಟೆಯ ಬಿಸಿಲಲ್ಲಿ ಕೂತು, ಒದ್ದೆಯಾದದ್ದಕ್ಕೆ ಸಿಟ್ಟಾಗಿ, ಎದೆ, ಪಕ್ಕೆ, ಕಾಲು ಎಲ್ಲವನ್ನೂ ನಿಧಾನಕ್ಕೆ ನೆಕ್ಕತೊಡಗಿತು. ಅವನು ಅದನ್ನು ನೋಡುತ್ತಲೇ ಚಹಾ ಕುಡಿದ. ಲೋಟ ಕೆಳಗಿಡುವಷ್ಟರಲ್ಲಿ ಅದರ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಹಿಂಗಾಲು ನಡುಗುತ್ತಿದ್ದವು.

ಚೀಲಕ್ಕೆ ಹಾಕಿಕೊಂಡು ಬೈಕ್ ಓಡಿಸಿದ. ಸಿಂಧನೂರಿನಲ್ಲಿ ದನದ ಡಾಕ್ಟರು ಊಟ ಬಿಟ್ಟು ಎದ್ದು ಬಂದರು, ಚೀಲ ಬಿಚ್ಚಿದರು, ಮೂಸಿ ನೋಡಿದರು. ಮಾಡಲು ಏನೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. ಬೆಕ್ಕಿಗೆಂದೇ ಇರುವ ಔಷಧಿಯನ್ನು ಕತ್ತಿನ ಹಿಂಭಾಗಕ್ಕೆ ಬಿಡುತ್ತಾರೆ, ಅಲ್ಲಿಗೆ ಅದರ ನಾಲಿಗೆ ಮುಟ್ಟುವುದಿಲ್ಲ ಎಂದರು. ಚಿಗಟದ ಮನೆ ಬೆಕ್ಕಿನ ಮೈಯಲ್ಲ, ಹಾಸಿಗೆ ಮತ್ತು ನೆಲದ ಬಿರುಕು. ಬೆಕ್ಕಿಲ್ಲ ಎಂದು ಗೊತ್ತಾದರೆ ಅವು ಮನುಷ್ಯರ ಮೇಲೆ ಬೀಳುತ್ತವೆ ಎಂದೂ ಹೇಳಿದರು.

ಕಾಲುವೆಯ ದಂಡೆಯಲ್ಲಿ ಗುಂಡಿ ತೋಡಿ ಹೂತು ಮನೆಗೆ ಬರುವ ದಾರಿಯಲ್ಲಿ ಅವನು ಸುಳ್ಳು ಹೊಂದಿಸಿಕೊಂಡ. ಗಿರಣಿಯ ಕಡೆ ಓಡಿಹೋಯಿತು, ತಾನೇ ಬರುತ್ತದೆ ಎನ್ನುವುದು. ತಾಯಿ ಇನ್ನೂ ಬೇವಿನ ಕೆಳಗೇ ಇದ್ದಳು. “ಎಲ್ಲಿ?” ಎಂದಳು. ಆ ಒಂದು ಮಾತು ತೊದಲದೆ ಬಂತು. ಅವನ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದ.

ಶಿವಲಿಂಗಮ್ಮ ಬಹಳ ಹೊತ್ತು ಬಾಯಿ ಕೂಡಿಸಲು ಹೆಣಗಿದಳು.

“ಒಳ್ಳೇದಕ್ಕ ಮಾಡೀಯಪಾ ನೀ,” ಎಂದಳು. “ಬೈಯಾಕೂ ಬರಂಗಿಲ್ಲ.”

ಡಾಕ್ಟರು ಹೇಳಿದಂತೆಯೇ ಆಯಿತು. ಬೆಕ್ಕಿನ ಬಿಸಿ ಮೈ ಸಿಗದೆ ಚಿಗಟ ಮುದುಕಿಯ ಮೇಲೆ ಮುಗಿಬಿದ್ದವು. ಗುರುಬಸವ ಅಂಗಡಿಗೆ ರಜೆ ಹಾಕಿದ. ಗಂಡ ಹೆಂಡತಿ ಕೂಡಿ ಕೌದಿಗಳನ್ನು ಹಂಡೆಯಲ್ಲಿ ಕುದಿಸಿ ಮಾಳಿಗೆಯ ಮೇಲೆ ಒಣಗಿಸಿದರು. ಮೂಲೆಮೂಲೆ ಗುಡಿಸಿ ಕಸವನ್ನು ಸುಟ್ಟರು, ನೆಲದ ಬಂಡೆಗಳ ಸಂದಿಗೆ ಸಿಮೆಂಟ್ ಮೆತ್ತಿದರು. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಹುಟ್ಟುತ್ತಿದ್ದವು, ಮತ್ತೆ ಕುದಿಸುತ್ತಿದ್ದರು. ಒಂದು ಹನಿ ಎಣ್ಣಿ ಬೇಕಾಗಲಿಲ್ಲ. ಬೆಕ್ಕು ಇದ್ದಾಗಲೇ ಇಷ್ಟು ಮಾಡಿದ್ದರೆ ಎಂಬ ಮಾತನ್ನು ನಂದಿನಿ ನಾಲಿಗೆಯ ತುದಿಗೆ ತಂದು ನುಂಗಿದ್ದು ಅವನಿಗೆ ಕಾಣುತ್ತಿತ್ತು. ಗದ್ದೆ ತೆನೆ ಹಿಡಿಯುವ ಹೊತ್ತಿಗೆ ಮನೆ ಸ್ವಚ್ಛವಾಯಿತು. ಶಿವಲಿಂಗಮ್ಮನ ಮೈ ಮಾಯಿತು. ಅವಳು ಮಧ್ಯಾಹ್ನ ಮಾತಾಡುವುದನ್ನು ಬಿಟ್ಟಿದ್ದಳು.

ಪಕ್ಕದ ಮನೆಯ ಸುಭಾನಬಿಯ ಬೆಕ್ಕು ಮರಿ ಹಾಕಿದೆ ಎಂದು ಕೇಳಿ ಗುರುಬಸವನೇ ಹೋಗಿ ಒಂದು ಮರಿ ಬೇಡಿದ. ಕಣ್ಣು ಬಿಟ್ಟು ಓಡಾಡುವಂತಾದ ಮೇಲೆ ಅವಳು ಅದನ್ನು ಸೆರಗಿನಲ್ಲಿ ಇಟ್ಟುಕೊಂಡು ಬಂದಳು. ದನದ ಡಾಕ್ಟರಿಗೆ ತೋರಿಸಿಯೇ ಸಾಕುವೆ ಎಂದು ಅವನು ತಾಯಿಗೆ ಹೇಳಿ ಬಾಗಿಲ ಹತ್ತಿರ ನಿಂತ. ಸುಭಾನಬಿ ಮರಿಯನ್ನು ಮಂಚದ ಮೇಲೆ ಇಳಿಸಿದಳು.

“ನೋಡಬೇ ಅಕ್ಕ, ಎಷ್ಟು ಚಂದ ಐತಿ. ನಿನಗಂತ ತಂದೀನಿ.”

ಶಿವಲಿಂಗಮ್ಮ ಎಡಗೈಯಿಂದ ಅದರ ತಲೆ ಸವರಿದಳು. ಅದು ಕೌದಿಯೊಳಗೆ ಹೊಗಲು ಮೂಗು ತೂರಿಸಿತು. ಅವಳು ಅದನ್ನು ಮೆಲ್ಲಗೆ ಆಚೆ ನೂಕಿದಳು.

“ಒಯ್ಯಿ ಸುಭಾನಬಿ,” ಎಂದಳು. “ನನ್ನ ಮಗ ಭಾಳ ಕಾಳಜಿ ಮಾಡ್ತಾನ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಸುಭಾನಬಿ ಒಮ್ಮೆ ಅವನ ಮುಖ ನೋಡಿ, ಮರಿಯನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು.